ಕ್ಲಿಕ್ಕಿಸಿದ್ದನ್ನೆಲ್ಲ ಶೇರ್ ಮಾಡಬೇಕಾ?

ಚಳಿಗಾಲದ ಕೆರೆಗಳಿಗೆ ವಲಸೆ ಹಕ್ಕಿಗಳು ಬಂದಿವೆ, ಅವುಗಳ ಹಿಂದೆ ಕ್ಯಾಮೆರಾಗಳೂ ಹೊರಟಿವೆ. ಚೆಂದದ ಚಿತ್ರಗಳ ಜೊತೆಗೆ ಗಾಯ, ರಕ್ತ, ಸಾವಿನ ಚಿತ್ರಗಳೂ ನಮ್ಮ ಫೋನಿಗೆ ಬಂದು ಬೀಳುತ್ತವೆ. ಯಾವುದನ್ನು ಮುಂದಕ್ಕೆ ಕಳಿಸಬೇಕು, ಯಾವುದನ್ನು ನಮ್ಮಲ್ಲೇ ನಿಲ್ಲಿಸಬೇಕು?

ನವೆಂಬರ್ ಬಂತೆಂದರೆ ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ದೂರದ ನೆಂಟರು ಬರೋಕೆ ಶುರು. ಬೆಳ್ಳಗಿನ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಪಟ್ಟೆತಲೆ ಹೆಬ್ಬಾತುಗಳು ಇವು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನೇ ದಾಟಿ, ಸುಮಾರು 134 ಎಕರೆಯ ಈ ಕೆರೆಗೆ ಬಂದು ಇಳಿಯುತ್ತವೆ. ರಾತ್ರಿ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇವು. ಹಗಲು ನೀರಿನ ಮೇಲೆ ವಿಶ್ರಾಂತಿ. ಬಿಸಿಲು ಏರುತ್ತಿದ್ದಂತೆ, ಮಾರ್ಚ್ ಹೊತ್ತಿಗೆ, ವಾಪಸ್ ಹೊರಡುತ್ತವೆ. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಇಂಥ ಸುದ್ದಿ ಬಂದ ಮೇಲೆ ವೀಕೆಂಡಿನಲ್ಲಿ ಕಾರು, ಬೈಕು, ಲೆನ್ಸುಗಳ ಸಾಲು ಹೆಚ್ಚಾಗಿದ್ದರೆ ಅಚ್ಚರಿಯೇನಿಲ್ಲ.

ಇದು ಒಳ್ಳೆಯದೇ. ವಾರವಿಡೀ ಲ್ಯಾಪ್‌ಟಾಪ್ ನೋಡಿದ ಕಣ್ಣಿಗೆ ಭಾನುವಾರ ಬೆಳಿಗ್ಗೆ ಒಂದು ಕೆರೆ ಸಿಕ್ಕರೆ ಅದಕ್ಕಿಂತ ಇನ್ನೇನು ಬೇಕು? ಆದರೆ ಕ್ಯಾಮೆರಾ ಕೈಗೆ ಬಂದ ಮೇಲೆ ಎರಡು ಪ್ರಶ್ನೆ ಜೊತೆಗೇ ಬರುತ್ತವೆ. ಫೋಟೊ ತೆಗೆಯುವಾಗ ಹಕ್ಕಿಗೆ ಏನಾಯಿತು ಅನ್ನುವುದು ಮೊದಲನೆಯದು. ತೆಗೆದ ಫೋಟೊ ಲೋಕಕ್ಕೆ ಬಿಟ್ಟ ಮೇಲೆ ಏನಾಯಿತು ಅನ್ನುವುದು ಎರಡನೆಯದು. ಮೊದಲನೆಯದರ ಬಗ್ಗೆ ಈಗೀಗ ಮಾತಾಡುತ್ತಿದ್ದೇವೆ. ಎರಡನೆಯದನ್ನು, ಅದರಲ್ಲೂ ಮನ ಕಲಕುವ ಚಿತ್ರಗಳ ವಿಷಯವನ್ನು, ಸುಮ್ಮನೆ ಸ್ಕ್ರೋಲ್ ಮಾಡಿ ದಾಟಿಬಿಡುತ್ತೇವೆ.

ಹಾರಿಸಿದರೆ ತಾನೇ ಫೋಟೊ?

ಕೆರೆಯ ಏರಿ ಮೇಲೆ ನಿಂತು ನೋಡಿ. ಹಕ್ಕಿ ನೀರಲ್ಲಿ ಸುಮ್ಮನೆ ಕೂತಿದ್ದರೆ ಕೆಲವರಿಗೆ ಸಮಾಧಾನ ಇಲ್ಲ. ರೆಕ್ಕೆ ಬಿಚ್ಚಿದ ಫೋಟೊ ಬೇಕು. ಚಪ್ಪಾಳೆ ತಟ್ಟುತ್ತಾರೆ, ಕಲ್ಲು ಎಸೆಯುತ್ತಾರೆ, ಈಗಂತೂ ಡ್ರೋನ್ ಹಾರಿಸುವವರೂ ಇದ್ದಾರೆ. ನೂರಾರು ಹೆಬ್ಬಾತು ಒಮ್ಮೆಲೆ ಎದ್ದು ಒಂದು ಸುತ್ತು ಹೊಡೆದು ಮತ್ತೆ ಇಳಿಯುತ್ತವೆ. ನಮಗೆ ಹತ್ತು ಸೆಕೆಂಡಿನ ರೀಲ್, ಅವಕ್ಕೆ ಖರ್ಚು.

ವಲಸೆ ಹಕ್ಕಿಗೆ ಮೈಯ ಕೊಬ್ಬೇ ಪೆಟ್ರೋಲ್. ಚಳಿಗಾಲದ ನಾಲ್ಕು ತಿಂಗಳಲ್ಲಿ ತಿಂದು ಉಳಿಸಿಕೊಂಡದ್ದರ ಬಲದ ಮೇಲೆ ಅದು ಮತ್ತೆ ಹಿಮಾಲಯ ದಾಟಬೇಕು. ದಿನಕ್ಕೆ ನಾಲ್ಕು ಸಲ ಬೆದರಿಸಿ ಎಬ್ಬಿಸಿದರೆ ಅಷ್ಟು ಕೊಬ್ಬು ಅಲ್ಲೇ ಕರಗಿತು, ಅಷ್ಟು ಹೊತ್ತಿನ ವಿಶ್ರಾಂತಿಯೂ ಹೋಯಿತು. ಒಬ್ಬರು ಎಬ್ಬಿಸಿದ್ದು ಒಂದೇ ಸಲ ಇರಬಹುದು. ಆದರೆ ಆ ದಿನ ಬಂದವರು ನಲವತ್ತು ಜನ ಅಲ್ವಾ?

ಬೆಂಗಳೂರಿನ ಹತ್ತಿರದ ಹೆಸರಘಟ್ಟ ಹುಲ್ಲುಗಾವಲಿನದು ಇನ್ನೊಂದು ಕಥೆ. ಚಳಿಗಾಲಕ್ಕೆ ಅಲ್ಲಿಗೆ ಸೆಳೆವಗಳು ಬರುತ್ತವೆ. ಹದ್ದಿನ ಬಳಗದ, ಉದ್ದ ರೆಕ್ಕೆಯ, ಹುಲ್ಲಿನ ಮೇಲೆ ತಗ್ಗಿನಲ್ಲೇ ತೇಲುತ್ತ ಬೇಟೆ ಹುಡುಕುವ ಹಕ್ಕಿಗಳು. ರಾತ್ರಿ ಇವು ಮರ ಹತ್ತುವುದಿಲ್ಲ. ನೆಲದ ಮೇಲೆ, ಹುಲ್ಲಿನ ನಡುವೆಯೇ ಮಲಗುತ್ತವೆ. ಒಳ್ಳೆ ಆ್ಯಂಗಲ್ ಸಿಗಲಿ ಅಂತ ಹುಲ್ಲಿನ ಮೇಲೆ ಕಾರು ನುಗ್ಗಿಸಿದರೆ ತುಳಿದದ್ದು ಬರೀ ಹುಲ್ಲಲ್ಲ, ಅವುಗಳ ಹಾಸಿಗೆ. ನೆಲದಲ್ಲೇ ಮೊಟ್ಟೆ ಇಡುವ ನೆಲಗುಬ್ಬಿಗಳ ಮನೆಯೂ ಅದೇ.

ಸ್ಪೀಕರಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹೊರಗೆ ಎಳೆಯುವುದು, ಹುಳ ಚೆಲ್ಲಿ ಕೊಂಬೆ ಮೇಲೆ ಕೂರಿಸುವುದು, ಬೇಟೆ ಹಕ್ಕಿಗೆ ಜೀವಂತ ಇಲಿ ಬಿಡುವುದು, ಗೂಬೆಯ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದು: ಇವೆಲ್ಲ ಗೊತ್ತಿರುವ ದಾರಿಗಳೇ. ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಎದುರಾಳಿ ಬಂದ ಅಂತ ತಿಳಿದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಎದುರಾಳಿ ಕಾಣುವುದೇ ಇಲ್ಲ. ಮುಂದಿನ ಗುಂಪು ಬಂದು ಮತ್ತೆ ಅದೇ ಕೂಗು ಹಾಕುತ್ತದೆ.

ಹಕ್ಕಿ ನಮ್ಮನ್ನು ಸಹಿಸುತ್ತಿದೆಯೋ ಇಲ್ಲವೋ ತಿಳಿಯೋಕೆ ಪಕ್ಷಿತಜ್ಞರೇ ಆಗಬೇಕಿಲ್ಲ. ಮೇಯುವುದು ನಿಲ್ಲಿಸಿ ಕತ್ತು ಎತ್ತಿ ನಿಮ್ಮನ್ನೇ ನೋಡಲು ಶುರು ಮಾಡಿತು ಅಂದರೆ ನೀವು ಬಹಳ ಹತ್ತಿರ ಹೋಗಿದ್ದೀರಿ. ಎರಡು ಹೆಜ್ಜೆ ಹಿಂದೆ ಬನ್ನಿ. ಅದು ಮತ್ತೆ ಮೇಯಲು ತಲೆ ತಗ್ಗಿಸುತ್ತದೆ, ಆಗ ಕ್ಲಿಕ್ಕಿಸಿ.

ಸತ್ತ ಹಕ್ಕಿಯ ಫೋಟೊ ಹೊಸದೇನಲ್ಲ

ಸತ್ತ ಪ್ರಾಣಿಯ ಫೋಟೊ ತೋರಿಸುವ ಚಟ ಇನ್‌ಸ್ಟಾಗ್ರಾಮಿನಿಂದ ಶುರುವಾದದ್ದಲ್ಲ. ಹಳೆಯ ಬಂಗಲೆಗಳ ಗೋಡೆಗಳನ್ನು ನೆನಪಿಸಿಕೊಳ್ಳಿ. ಹುಲಿಯ ಮೇಲೆ ಕಾಲಿಟ್ಟ ದೊರೆ, ಪಕ್ಕದಲ್ಲಿ ಬಂದೂಕು. ರಾಜಸ್ಥಾನದ ಭರತ್‌ಪುರದ ಕೇವಲಾದೇವದಲ್ಲಿ ಇವತ್ತಿಗೂ ಕಲ್ಲಿನ ಫಲಕಗಳಿವೆ. ಯಾವ ದಿನ, ಎಷ್ಟು ಬಂದೂಕು, ಎಷ್ಟು ಹಕ್ಕಿ ಅಂತ ಕೆತ್ತಿದ ಲೆಕ್ಕ ಅದರಲ್ಲಿದೆ. 1938ರ ನವೆಂಬರ್ 12ರಂದು, ಆಗಿನ ವೈಸ್‌ರಾಯ್ ಲಾರ್ಡ್ ಲಿನ್‌ಲಿತ್ಗೋ ಬಂದಿದ್ದ ದಿನ, ಒಂದೇ ದಿನಕ್ಕೆ 4,273 ಹಕ್ಕಿಗಳನ್ನು ಹೊಡೆದರು. ಚಳಿಗಾಲಕ್ಕೆ ಬಂದ ಅತಿಥಿಗಳೇ ಅವೂ. ಇದಾದ ಎರಡೇ ವರ್ಷಕ್ಕೆ, 1940ರಲ್ಲಿ, ಸಲೀಂ ಅಲಿ ಅವರ ಮಾತು ಕೇಳಿ ಮೈಸೂರಿನ ಅರಸರು ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ.

ಬಂದೂಕು ಕೆಳಗಿಟ್ಟು ಕ್ಯಾಮೆರಾ ಹಿಡಿದದ್ದು ದೊಡ್ಡ ಬದಲಾವಣೆ. ನಮ್ಮಲ್ಲೇ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಫಿಲ್ಮ್ ರೋಲಿನ ಕಾಲದಲ್ಲಿ ಕಾಡು ಸುತ್ತಿದರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ಕೂರುತ್ತಿದ್ದರು. ರೋಲಿನಲ್ಲಿ 36 ಫ್ರೇಮು. ಎಣಿಸಿ ಎಣಿಸಿ ಒತ್ತಬೇಕಿತ್ತು. ಇವತ್ತು ಒಂದು ಸೆಕೆಂಡಿಗೆ ಇಪ್ಪತ್ತು ಫ್ರೇಮು ಬರುತ್ತದೆ, ಅರ್ಧ ನಿಮಿಷದಲ್ಲಿ ಐನೂರು ಜನರ ಗ್ರೂಪಿಗೆ ಹೋಗುತ್ತದೆ. ನಡುವೆ ಯೋಚಿಸೋಕೆ ಇದ್ದ ಸಮಯ ಮಾತ್ರ ಮಾಯವಾಯಿತು.

ಒಂದು ವಿಡಿಯೊ ನಾಗಾಲ್ಯಾಂಡಿನಲ್ಲಿ ಮಾಡಿದ ಕೆಲಸ

ಹಾಗಾದರೆ ರಕ್ತ, ಸಾವು ಕಾಣುವ ಚಿತ್ರಗಳನ್ನು ತೋರಿಸಲೇಬಾರದಾ? ಹಾಗೆ ಹೇಳಿಬಿಟ್ಟರೆ ಅಮುರ್ ಚಾಣಗಳಿಗೆ ಅನ್ಯಾಯ ಮಾಡಿದಂತೆ.

ಅಮುರ್ ಚಾಣ ಒಂದು ಪಾರಿವಾಳಕ್ಕಿಂತಲೂ ಹಗುರಾದ ಪುಟ್ಟ ಬೇಟೆ ಹಕ್ಕಿ. ಸೈಬೀರಿಯಾ, ಉತ್ತರ ಚೀನಾದ ಕಡೆಯಿಂದ ಹೊರಟು ಈಶಾನ್ಯ ಭಾರತದಲ್ಲಿ ಕೆಲ ದಿನ ತಂಗಿ, ಅರಬ್ಬಿ ಸಮುದ್ರ ದಾಟಿ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. 2012ರ ಅಕ್ಟೋಬರಿನಲ್ಲಿ ರಾಮ್ಕಿ ಶ್ರೀನಿವಾಸನ್, ಶಶಾಂಕ್ ದಳ್ವಿ, ಬಾನೋ ಹರಾಲು ಮತ್ತು ರೊಕೊಹೆಬಿ ಕುವೋತ್ಸು ನಾಗಾಲ್ಯಾಂಡಿನ ದೊಯಾಂಗ್ ಜಲಾಶಯಕ್ಕೆ ಹೋದಾಗ ಕಂಡದ್ದು ಬಲೆಗಳ ಗೋಡೆ. ಮೀನಿನ ಬಲೆಗಳನ್ನು ಮರಗಳ ನಡುವೆ ಎತ್ತರಕ್ಕೆ ಕಟ್ಟಿದ್ದರು. ಹಕ್ಕಿಗಳು ಸಾವಿರಗಟ್ಟಲೆ ಸಿಕ್ಕಿಬೀಳುತ್ತಿದ್ದವು, ಪುಕ್ಕ ಕಿತ್ತು ಹೊಗೆಯಲ್ಲಿ ಒಣಗಿಸಿ ಮಾರಲಾಗುತ್ತಿತ್ತು. ಆ ಋತುವಿನಲ್ಲಿ ಸತ್ತ ಹಕ್ಕಿಗಳು 1,20,000ದಿಂದ 1,40,000 ಇರಬಹುದು ಅಂತ ಅವರ ಅಂದಾಜು.

ರಾಮ್ಕಿ ಸಹಸ್ಥಾಪಕರಾಗಿರುವ ‘ಕನ್ಸರ್ವೇಶನ್ ಇಂಡಿಯಾ’ ಆ ಚಿತ್ರ, ವಿಡಿಯೊಗಳನ್ನು ಪ್ರಕಟಿಸಿತು. ನೋಡೋಕೆ ಆಗದಂಥ ದೃಶ್ಯಗಳು. ಲೋಕವೆಲ್ಲ ನೋಡಿತು, ಸರ್ಕಾರ ಎದ್ದಿತು. ಮರುವರ್ಷ, 2013ರಲ್ಲಿ, ಅಲ್ಲಿ ಬಲೆಯ ಬೇಟೆ ನಿಂತಿತು. ಅದೇ ನವೆಂಬರಿನಲ್ಲಿ ಮೂರು ಚಾಣಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ ಹಾರಿಬಿಟ್ಟರು. ಅವುಗಳಿಗೆ ಇಟ್ಟ ಹೆಸರು ನಾಗಾ, ವೋಖಾ, ಪಾಂಗ್ತಿ. ವೋಖಾ ಅಲ್ಲಿನ ಜಿಲ್ಲೆ. ಪಾಂಗ್ತಿ, ಬಲೆ ಕಟ್ಟುತ್ತಿದ್ದ ಊರುಗಳಲ್ಲಿ ಒಂದು.

ಈ ಕಥೆ ಹೇಳುವಾಗ ನಾವು ‘ವಿಡಿಯೊ ವೈರಲ್ ಆಯ್ತು, ಹಕ್ಕಿ ಉಳೀತು’ ಅಂತ ಮುಗಿಸಿಬಿಡುತ್ತೇವೆ. ನಿಜವಾಗಿ ನಡೆದದ್ದು ಅಷ್ಟು ಸಲೀಸಲ್ಲ. ಬಲೆ ಕಟ್ಟಿದವರು ಮೀನು ಹಿಡಿದು, ಬೇಸಾಯ ಮಾಡಿ ಬದುಕುವ ಜನ. ವರ್ಷಕ್ಕೊಮ್ಮೆ ಆಕಾಶದಿಂದ ಇಳಿಯುವ ಹಕ್ಕಿ ಅವರಿಗೆ ಕೈಗೆ ಸಿಗುವ ಆದಾಯ. ಅವರನ್ನು ಲೋಕದ ಮುಂದೆ ರಾಕ್ಷಸರು ಅಂತ ನಿಲ್ಲಿಸಿ ಸುಮ್ಮನಾಗಿದ್ದರೆ ಬಲೆಗಳು ಇನ್ನಷ್ಟು ಒಳಗಿನ ಕಾಡಿಗೆ ಹೋಗುತ್ತಿದ್ದವು, ಅಷ್ಟೇ. ವಿಡಿಯೊ ಬಿಟ್ಟವರು ಊರು ಬಿಡಲಿಲ್ಲ. ನಾಗಾಲ್ಯಾಂಡಿನವರೇ ಆದ ಬಾನೋ ಹರಾಲು ಮತ್ತು ಜೊತೆಗಾರರು ಗ್ರಾಮ ಸಭೆಗಳ ಜೊತೆ ಕೂತರು, ಚರ್ಚಿನ ಹಿರಿಯರ ಜೊತೆ ಮಾತಾಡಿದರು, ಶಾಲಾ ಮಕ್ಕಳ ಕ್ಲಬ್ ಕಟ್ಟಿದರು. ಬೇಟೆ ನಿಲ್ಲಿಸುವ ತೀರ್ಮಾನ ಮಾಡಿದ್ದು ಕೊನೆಗೆ ಆ ಊರುಗಳೇ. ಚಿತ್ರ ಬಾಗಿಲು ತೆಗೆಯಿತು. ಒಳಗೆ ಹೋಗಿ ಕೂತು ಮಾತಾಡಿದ್ದು ಮನುಷ್ಯರು.

ಅಡಿಬರಹ ತಪ್ಪಿದರೆ

ಇದಕ್ಕೆ ಉಲ್ಟಾ ಉದಾಹರಣೆಯೂ ನಮ್ಮ ನೆನಪಿನಲ್ಲೇ ಇದೆ. 2020ರ ಮೇ 27ರಂದು ಕೇರಳದಲ್ಲಿ ಒಂದು ಗರ್ಭಿಣಿ ಆನೆ ಬಾಯಿಯೊಳಗೆ ಸಿಡಿಮದ್ದು ಸಿಡಿದು, ನೋವು ತಾಳಲಾರದೆ ನದಿಯ ನೀರಿನಲ್ಲಿ ನಿಂತೇ ಸತ್ತಿತು. ನೀರಲ್ಲಿ ಸೊಂಡಿಲಿಟ್ಟು ನಿಂತ ಆ ಚಿತ್ರ ಲಾಕ್‌ಡೌನಿನಲ್ಲಿ ಮನೆಯೊಳಗಿದ್ದ ದೇಶವನ್ನೆಲ್ಲ ಅಳಿಸಿತು. ಜೊತೆಗೇ ಸುಳ್ಳುಗಳೂ ಹೊರಟವು. ಘಟನೆ ನಡೆದದ್ದು ಪಾಲಕ್ಕಾಡ್ ಜಿಲ್ಲೆಯಲ್ಲಿ. ಫಾರ್ವರ್ಡುಗಳಲ್ಲಿ ಅದು ಮಲಪ್ಪುರಂ ಆಯಿತು. ಬೆಳೆಗೆ ನುಗ್ಗುವ ಕಾಡುಹಂದಿಗೆ ಸಿಡಿಮದ್ದು ತುಂಬಿದ ಹಣ್ಣು, ಕಾಯಿ ಇಡುವ ಹಳೆಯ ಕ್ರೂರ ಪದ್ಧತಿಯ ಬಗ್ಗೆ ನಡೆಯಬೇಕಿದ್ದ ಮಾತು ಒಂದು ಜಿಲ್ಲೆಯ, ಒಂದು ಸಮುದಾಯದ ಜನರನ್ನು ಬೈಯುವುದರಲ್ಲಿ ಮುಗಿಯಿತು. ಚಿತ್ರದಲ್ಲಿ ಸುಳ್ಳಿರಲಿಲ್ಲ, ಅದರ ಕೆಳಗೆ ಬರೆದದ್ದರಲ್ಲಿ ಇತ್ತು.

ಹಕ್ಕಿಗಳ ವಿಷಯದಲ್ಲೂ ಹೀಗೇ. 2020ರ ಡಿಸೆಂಬರ್ ಕೊನೆಯಲ್ಲಿ ಹಿಮಾಚಲದ ಪಾಂಗ್ ಅಣೆಕಟ್ಟಿನ ದಡದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾಯತೊಡಗಿದವು. ನಮ್ಮ ಮಾಗಡಿಗೆ ಬರುವ ಜಾತಿಯೇ. ಹಕ್ಕಿಜ್ವರ ಅಂತ ದೃಢವಾಯಿತು. ಕೆಲವೇ ವಾರದಲ್ಲಿ ಸಾವಿರಾರು ಸತ್ತವು. ಕವುಚಿ ಬಿದ್ದ ಹೆಬ್ಬಾತುಗಳ ಚಿತ್ರ ದಿನಾಂಕ, ಊರು ಏನೂ ಇಲ್ಲದೆ ಎಲ್ಲೆಡೆ ಓಡಾಡಿದರೆ ಏನಾಗುತ್ತದೆ? ಯಾವುದೋ ಊರಿನವರು ‘ನಮ್ಮ ಕೆರೆಗೂ ಬಂತಂತೆ’ ಅಂದುಕೊಳ್ಳುತ್ತಾರೆ. ವಲಸೆ ಹಕ್ಕಿ ಅಂದರೆ ರೋಗ ತರುವ ಹಕ್ಕಿ ಅಂತ ಮನಸ್ಸಿನಲ್ಲಿ ಕೂರುತ್ತದೆ. ಅತಿಥಿಯನ್ನು ಕಲ್ಲು ಹೊಡೆದು ಓಡಿಸೋಕೆ ಅಷ್ಟು ಸಾಕು.

ಇದೇ ತರಹದ ಚಿತ್ರ ಸರಿಯಾದ ಕೈಗೆ ಹೋದರೆ ಬೇರೆಯದೇ ಕೆಲಸ ಮಾಡುತ್ತದೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭಾರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಕಾರಣ ಬೊಟುಲಿಸಂ ಅನ್ನುವ ವಿಷ. ಸತ್ತ ಹಕ್ಕಿಯಲ್ಲಿ ಹುಟ್ಟಿದ ಹುಳುಗಳಲ್ಲಿ ಈ ವಿಷ ಸೇರುತ್ತದೆ, ಆ ಹುಳು ತಿಂದ ಹಕ್ಕಿ ಸಾಯುತ್ತದೆ, ಅದರಲ್ಲಿ ಮತ್ತೆ ಹುಳು. ಸರಪಳಿ ಕಡಿಯಬೇಕಾದರೆ ಸತ್ತ ಹಕ್ಕಿಗಳನ್ನು ಬೇಗ ಬೇಗ ತೆಗೆಯಬೇಕು. ಈ ವಿಷಕ್ಕೆ ಸಿಕ್ಕ ಹಕ್ಕಿಯ ರೆಕ್ಕೆ, ಕಾಲು ಸೋಲುತ್ತವೆ, ಕತ್ತು ಎತ್ತಲಾಗದೆ ಜೋತು ಬೀಳುತ್ತದೆ. ಆ ಜೋತ ಕತ್ತಿನ ಫೋಟೊ ಐದು ಸಾವಿರ ಜನಕ್ಕೆ ಬರೀ ಸಂಕಟ. ಒಬ್ಬ ಪಶುವೈದ್ಯರಿಗೆ ಅದು ರೋಗದ ಸುಳಿವು. ಚಿತ್ರ ಯಾರಿಗೆ ಮೊದಲು ಹೋಗಬೇಕು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ದಾರಕ್ಕೆ ಸಿಕ್ಕ ಹದ್ದು, ಗ್ರೂಪಿನಲ್ಲಿ ಜಗಳ

ನಮ್ಮ ಭಾನುವಾರದ ಹಕ್ಕಿ ಗುಂಪಿನಲ್ಲಿ ಒಂದು ಜನವರಿಯಲ್ಲಿ ಇದೇ ವಿಷಯಕ್ಕೆ ಜಗಳ ಆಯ್ತು. ಬೆಂಗಳೂರಿನ ಒಂದು ಕೆರೆಯಂಚಿನ ಮರದಲ್ಲಿ ಹದ್ದೊಂದು ಮಾಂಜಾ ದಾರಕ್ಕೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಇಳಿಸಿದರು, ಪುನರ್ವಸತಿ ಕೇಂದ್ರಕ್ಕೂ ಒಯ್ದರು. ದಾರ ರೆಕ್ಕೆಯ ಮೂಳೆಯವರೆಗೆ ಕೊಯ್ದಿತ್ತು. ಹದ್ದು ಉಳಿಯಲಿಲ್ಲ. ನೇತಾಡುತ್ತಿದ್ದಾಗಿನ ಫೋಟೊ ಮಾತ್ರ ಗುಂಪಿನ ಹುಡುಗನೊಬ್ಬನ ಫೋನಿನಲ್ಲಿತ್ತು. ರಕ್ತ ಒಸರುವ ರೆಕ್ಕೆ, ತೆರೆದ ಕೊಕ್ಕು.

‘ಹಾಕಲೇಬೇಕು ಮೇಡಂ. ಶಾಕ್ ಆಗದೆ ನಮ್ಮ ಜನಕ್ಕೆ ಬುದ್ಧಿ ಬರಲ್ಲ’ ಅಂದ ಅವನು.

ಗುಂಪಿನ ಹಿರಿಯರು, ನಿವೃತ್ತ ಟೀಚರ್, ಉತ್ತರ ಕೊಟ್ಟರು: ‘ಶಾಕ್ ಆಗುತ್ತೆ ಕಣಪ್ಪ. ಆಮೇಲೆ? ನೋಡಿದೋರು ಏನು ಮಾಡ್ಬೇಕು ಅಂತ ಅದರಲ್ಲಿ ಬರೆದಿದೀಯಾ?’

‘ಅಷ್ಟೆಲ್ಲ ಬರೆದರೆ ಯಾರು ಓದ್ತಾರೆ ಮೇಡಂ?’

‘ಹಾಗಾದ್ರೆ ಆ ಹದ್ದನ್ನ ತೋರಿಸಿ ಯಾರಿಗೆ ಏನು ಲಾಭ?’

ಅರ್ಧ ದಿನ ನಡೆಯಿತು ಈ ಮಾತು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಹೀಗೆ ಆಯಿತು: ಪೂರ್ತಿ ಚಿತ್ರಗಳು ದಿನಾಂಕ, ಜಾಗದ ಸಮೇತ ಅರಣ್ಯ ಇಲಾಖೆಗೆ ಹೋದವು. ಸಾರ್ವಜನಿಕವಾಗಿ ಹಾಕಿದ್ದು ಇನ್ನೊಂದು ಫೋಟೊ. ಕೊಂಬೆಗೆ ಸುತ್ತಿದ ಹಸಿರು ದಾರ, ಅದರಲ್ಲಿ ಅಂಟಿ ಉಳಿದ ಒಂದೇ ಒಂದು ಕಂದು ಗರಿ. ಕೆಳಗೆ ನಾಲ್ಕು ಸಾಲು: ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ, ಮಾರುವುದು ಕಂಡರೆ ದೂರು ಕೊಡಿ, ಮುಂದಿನ ಭಾನುವಾರ ಏಳು ಗಂಟೆಗೆ ಉದ್ದನೆ ದೋಟಿ ತೆಗೆದುಕೊಂಡು ಬನ್ನಿ, ಮರಗಳಲ್ಲಿರುವ ದಾರ ತೆಗೆಯೋಣ. ಹನ್ನೊಂದು ಜನ ಬಂದರು. ಎರಡು ಚೀಲ ದಾರ ಸಿಕ್ಕಿತು.

ನಮ್ಮ ಕಡೆ ಗಾಳಿಪಟ ಹೆಚ್ಚಾಗಿ ಏರುವುದು ಆಷಾಢದ ಗಾಳಿಗೆ. ಆದರೆ ನೈಲಾನ್ ದಾರ ಕೊಳೆಯುವುದಿಲ್ಲ. ಆಷಾಢದಲ್ಲಿ ಕಡಿದು ಹೋದ ದಾರ ಮರದಲ್ಲೇ ಕಾದಿದ್ದು, ಜನವರಿಯಲ್ಲಿ ಬಂದು ಕೂತ ಹಕ್ಕಿಯನ್ನು ಹಿಡಿಯುತ್ತದೆ.

ರಕ್ತವೇ ಬೇಕೆಂದಿಲ್ಲ

ಜನರನ್ನು ತಟ್ಟುವ ಚಿತ್ರದಲ್ಲಿ ರಕ್ತ ಇರಲೇಬೇಕು ಅನ್ನುವುದು ಸುಳ್ಳು. 2019ರಲ್ಲಿ ಅಮೆರಿಕದ ಫ್ಲೋರಿಡಾ ಬೀಚಿನಲ್ಲಿ ಕ್ಯಾರೆನ್ ಮೇಸನ್ ಅನ್ನುವವರು ತೆಗೆದ ಫೋಟೊ ನೀವೂ ನೋಡಿರಬಹುದು. ಸ್ಕಿಮ್ಮರ್ ಅನ್ನುವ ಕಡಲಹಕ್ಕಿ ತನ್ನ ಪುಟ್ಟ ಮರಿಗೆ ತುತ್ತು ಕೊಡುತ್ತಿದೆ. ಆ ತುತ್ತು ಮೀನಲ್ಲ, ಯಾರೋ ಸೇದಿ ಬಿಸಾಡಿದ ಸಿಗರೇಟಿನ ತುಂಡು. ಚಿತ್ರದಲ್ಲಿ ಒಂದು ಹನಿ ರಕ್ತ ಇಲ್ಲ. ನೋಡಿದವರು ಬೀಚಿನಲ್ಲಿ ಸಿಗರೇಟು ಬಿಸಾಡುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ.

ದಿನಕ್ಕೆ ಹತ್ತು ರಕ್ತಸಿಕ್ತ ಚಿತ್ರ ನೋಡಿದರೆ ಹನ್ನೊಂದನೆಯದಕ್ಕೆ ಮನಸ್ಸು ಮರಗಟ್ಟಿರುತ್ತದೆ. ಒಂದು ಅಳುವ ಎಮೋಜಿ, ಮುಂದಿನ ರೀಲ್. ಇನ್ನು ಕೆಲವರು ಆ ಪೇಜನ್ನೇ ಮ್ಯೂಟ್ ಮಾಡುತ್ತಾರೆ. ಅವರನ್ನು ಕಲ್ಲು ಹೃದಯದವರು ಅನ್ನೋಕಾಗಲ್ಲ. ನೋಡಿ ನೋಡಿ ಸೋತವರು. ಮನೆಯ ಫೋನು ಒಬ್ಬರದೇ ಅಲ್ಲ ಅನ್ನುವುದೂ ನೆನಪಿರಲಿ. ಅಜ್ಜಿ ನೋಡುತ್ತಾರೆ, ಆರು ವರ್ಷದ ಮಗು ನೋಡುತ್ತದೆ.

ಹಾಗಂತ ಪ್ರಕೃತಿಯ ಬೇಟೆಯನ್ನು ಮುಚ್ಚಿಡಬೇಕಿಲ್ಲ. ಚಾಣ ಬೆಳವನ ಹಕ್ಕಿಯನ್ನು ಹಿಡಿದು ತಿನ್ನುವುದು ಕ್ರೌರ್ಯವಲ್ಲ, ಊಟ. ಮಗುವಿಗೆ ಅದನ್ನು ಹಾಗೇ ಹೇಳಬಹುದು: ‘ಅದಕ್ಕೂ ಮರಿ ಇದೆ ಪುಟ್ಟ, ಅದೂ ಊಟ ಮಾಡ್ಬೇಕಲ್ವಾ?’ ತೊಂದರೆ ಶುರುವಾಗುವುದು ಆ ಊಟಕ್ಕೆ ಸ್ಲೋ ಮೋಷನ್, ಸಿನಿಮಾ ಮ್ಯೂಸಿಕ್ಕು, ‘ಬ್ರೂಟಲ್’ ಅನ್ನುವ ತಲೆಬರಹ ಸೇರಿದಾಗ. ಅದಕ್ಕಿಂತ ದೊಡ್ಡ ತೊಂದರೆ, ಆ ದೃಶ್ಯಕ್ಕಾಗಿ ನಾಲ್ಕು ಕಡೆಯಿಂದ ಮುತ್ತಿಕೊಂಡಾಗ. ಬೆದರಿದ ಚಾಣ ಬೇಟೆ ಬಿಟ್ಟು ಹಾರಿದರೆ ಎರಡು ಜೀವ ನಷ್ಟ: ಸತ್ತ ಬೆಳವ ಯಾರ ಹೊಟ್ಟೆಗೂ ಆಗಲಿಲ್ಲ, ಚಾಣ ಹಸಿದೇ ಉಳಿಯಿತು.

ಗೂಡು, ಗೂಬೆ ಮತ್ತು ಲೊಕೇಶನ್

ಕೆಲವು ಚಿತ್ರಗಳು ನೋಡೋಕೆ ಮುದ್ದಾಗಿರುತ್ತವೆ, ಆದರೂ ಅಪಾಯಕಾರಿ. ಗೂಡಿನೊಳಗೆ ಬಾಯಿ ತೆರೆದ ಮರಿಗಳ ಫೋಟೊ ಅಂಥದ್ದು. ಅಡ್ಡ ಬಂದ ಎಲೆ ಸರಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಆ ಎಲೆಯೇ ಮರಿಗಳನ್ನು ಬಿಸಿಲಿನಿಂದ, ಕಾಗೆಯ ಕಣ್ಣಿನಿಂದ ಕಾಪಾಡುತ್ತಿತ್ತು. ಇದಕ್ಕೇ ಹಲವು ಫೋಟೊ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅನ್ನುವ ಪದದ ಅರ್ಥ ನೋಡಿ: ಕಾಡುಹಕ್ಕಿಯ ಮೊಟ್ಟೆ ಒಡೆಯುವುದಷ್ಟೇ ಅಲ್ಲ, ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಕೈಯಲ್ಲಿ ಬಂದೂಕು ಇರಲೇಬೇಕು ಅಂತ ಕಾನೂನು ಹೇಳಿಲ್ಲ.

ಗೂಬೆಗಳದು ಇನ್ನೂ ಕಷ್ಟ. ನಿಧಿ, ವಾಮಾಚಾರ, ಮಾಟ ಅಂತ ಹೇಳಿ ಗೂಬೆ ಹಿಡಿದು ಮಾರುವ ಜಾಲ ದೇಶದಲ್ಲಿದೆ. ದೀಪಾವಳಿ ಹತ್ತಿರ ಬಂದಾಗ ಬೇಡಿಕೆ ಏರುತ್ತದೆ ಅಂತ ವನ್ಯಜೀವಿ ಸಂಸ್ಥೆಗಳು ಎಚ್ಚರಿಸುತ್ತಲೇ ಇವೆ. ಕಲ್ಲುಗುಡ್ಡದ ಸಂದಿಯಲ್ಲಿ ಕೂತ ಕೊಂಬಿನ ಗೂಬೆಯ ಫೋಟೊಗೆ ಊರು, ಗುಡ್ಡದ ಹೆಸರು ಟ್ಯಾಗ್ ಮಾಡಿದರೆ ಆ ಜಾಲಕ್ಕೆ ಮನೆ ವಿಳಾಸವನ್ನೇ ಕೊಟ್ಟಂತೆ. ಗೂಬೆ ವರ್ಷಗಟ್ಟಲೆ ಅದೇ ಜಾಗದಲ್ಲಿರುತ್ತದೆ, ಎಲ್ಲಿಗೂ ಶಿಫ್ಟ್ ಆಗಲ್ಲ.

ಒಂದು ಸಣ್ಣ ತಾಂತ್ರಿಕ ವಿಷಯ. ಫೋನಿನಲ್ಲಿ ತೆಗೆದ ಫೋಟೊದೊಳಗೆ ಜಾಗದ ಮಾಹಿತಿ ಸೇರಿಕೊಂಡಿರಬಹುದು. ವಾಟ್ಸ್‌ಆ್ಯಪಿನಲ್ಲಿ ‘ಕ್ಲಾರಿಟಿ ಹೋಗಬಾರದು’ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಆ ಮಾಹಿತಿಯೂ ಹಾಗೇ ಹೋಗುತ್ತದೆ. ಗೂಡು, ಗೂಬೆ, ಅಪರೂಪದ ಜೀವಿಗಳ ವಿಷಯದಲ್ಲಿ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಎಲ್ಲಿ ಸಿಕ್ಕಿತು ಅಂತ ಯಾರಾದರೂ ಕೇಳಿದರೆ ಜಿಲ್ಲೆಯ ಹೆಸರು ಹೇಳಿದರೆ ಸಾಕು.

ಮೊದಲು ಕೈ, ಆಮೇಲೆ ಕ್ಯಾಮೆರಾ

ಗಾಯಗೊಂಡ ಹಕ್ಕಿ ಕಣ್ಣೆದುರು ಸಿಕ್ಕಿತು ಅಂದುಕೊಳ್ಳಿ. ಏನು ಮಾಡಬೇಕು?

ದಾರಕ್ಕೆ ಸಿಕ್ಕಿದ್ದರೆ ಎಳೆಯಬೇಡಿ. ಎಳೆದಷ್ಟೂ ಕೊಯ್ಯುತ್ತದೆ. ಹಕ್ಕಿಯ ಎರಡೂ ಬದಿಯಲ್ಲಿ ದಾರ ಕತ್ತರಿಸಿ, ಮೈಗೆ ಸುತ್ತಿಕೊಂಡದ್ದನ್ನು ವೈದ್ಯರಿಗೇ ಬಿಡಿ. ಹಗುರವಾದ ಟವೆಲ್ ಹೊದಿಸಿ ಎತ್ತಿ. ಕಣ್ಣಿಗೆ ಕತ್ತಲಾದರೆ ಹಕ್ಕಿಯ ಗಾಬರಿ ಕಡಿಮೆಯಾಗುತ್ತದೆ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು, ಗದ್ದಲ ಇಲ್ಲದ ಜಾಗದಲ್ಲಿಡಿ. ಬಾಯಿಗೆ ನೀರು, ಹಾಲು ಹಾಕಬೇಡಿ, ಶ್ವಾಸಕೋಶಕ್ಕೆ ಹೋದರೆ ಅದರಿಂದಲೇ ಸಾಯಬಹುದು. ಬೇಟೆ ಹಕ್ಕಿಯಾದರೆ ಕೊಕ್ಕಿಗಿಂತ ಉಗುರಿನ ಬಗ್ಗೆ ಎಚ್ಚರ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಫೋನ್ ಮಾಡಿ. ಮನೆಯಲ್ಲೇ ಸಾಕೋಣ ಅನ್ನುವ ಆಸೆ ಬೇಡ. ಕಾಡುಹಕ್ಕಿಯನ್ನು ಇಟ್ಟುಕೊಳ್ಳುವುದು ಅಪರಾಧ.

ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ನಾಯಿ, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳಿ. ದೂರದಿಂದ ಎರಡು ಫೋಟೊ ಸಾಕು: ಒಂದರಲ್ಲಿ ಇಡೀ ಜಾಗ ಕಾಣಬೇಕು, ಇನ್ನೊಂದರಲ್ಲಿ ಹಕ್ಕಿ ಬಿದ್ದಿರುವ ಭಂಗಿ. ಸಮಯ, ಅಂದಾಜು ಸಂಖ್ಯೆ ಬರೆದು ಇಲಾಖೆಗೆ ಕಳಿಸಿ. ಆ ಫೋಟೊ ಸಾಕ್ಷಿ. ಸಾಕ್ಷಿಗೆ ಫಿಲ್ಟರ್ ಬೇಡ, ಮ್ಯೂಸಿಕ್ ಬೇಡ.

ಶೇರ್ ಒತ್ತುವ ಮುಂಚೆ ಐದು ಪ್ರಶ್ನೆ

1. ಇದು ಎಲ್ಲಿ, ಯಾವಾಗ, ಯಾರು ತೆಗೆದದ್ದು? ಗೊತ್ತಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

2. ಇದನ್ನು ನೋಡಿದವರು ಏನಾದರೂ ಮಾಡಬಹುದಾ? ಮಾಡಬಹುದಾದರೆ ಅದೇನು ಅಂತ ಬರೆದಿದ್ದೇನಾ?

3. ಈ ಚಿತ್ರ ಮೊದಲು ತಲುಪಬೇಕಾದವರಿಗೆ, ಅಂದರೆ ಇಲಾಖೆಗೆ, ವೈದ್ಯರಿಗೆ, ಪೊಲೀಸರಿಗೆ, ತಲುಪಿದೆಯಾ?

4. ಇದರಿಂದ ಹಕ್ಕಿಗೆ, ಅದರ ಜಾಗಕ್ಕೆ ಅಥವಾ ಯಾರೋ ತಪ್ಪು ಮಾಡದವರಿಗೆ ಅಪಾಯ ಆಗಬಹುದಾ?

5. ತೋರಿಸಲೇಬೇಕು ಅಂದರೆ, ನೋಡುವವರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೇನಾ? ಕಡಿಮೆ ರಕ್ತದಲ್ಲಿ ಇದೇ ಮಾತು ಹೇಳುವ ಇನ್ನೊಂದು ಫ್ರೇಮ್ ಇದೆಯಾ?

ಐದಕ್ಕೂ ಉತ್ತರ ಸರಿ ಬಂದರೆ ಧೈರ್ಯವಾಗಿ ಹಾಕಿ. ಆಗ ಸುಮ್ಮನಿರುವುದೇ ತಪ್ಪಾಗುತ್ತದೆ. ದೊಯಾಂಗಿನ ಚಿತ್ರಗಳನ್ನು ಅವತ್ತು ಯಾರೋ ‘ನೋಡೋಕೆ ಆಗಲ್ಲ’ ಅಂತ ಡಿಲೀಟ್ ಮಾಡಿದ್ದರೆ ಮರುವರ್ಷವೂ ಬಲೆಗಳು ಏರುತ್ತಿದ್ದವು.

ಈ ತಿಂಗಳು ಒಂದು ಸುಲಭದ ಕೆಲಸದಿಂದ ಶುರು ಮಾಡಬಹುದು. ಜನವರಿಯಲ್ಲಿ ಏಷ್ಯಾದುದ್ದಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದಲೂ ನಡೆಯುತ್ತ ಬಂದಿದೆ. ನಿಮ್ಮೂರಿನ ಕೆರೆಯಲ್ಲಿ ಒಂದು ಬೆಳಿಗ್ಗೆ ನಿಂತು ಎಣಿಸಿ, ಬರೆದುಕೊಳ್ಳಿ. ಮಸುಕಾದ ಫೋಟೊ ಕೂಡ ಅಲ್ಲಿ ಕೆಲಸಕ್ಕೆ ಬರುತ್ತದೆ, ಯಾವ ಹಕ್ಕಿ ಅಂತ ಗುರುತು ಹಿಡಿಯೋಕೆ. ಲೈಕ್ ಎಷ್ಟು ಬಂತು ಅಂತ ಅಲ್ಲಿ ಯಾರೂ ಕೇಳಲ್ಲ. ಬಾತು ಎಷ್ಟಿದ್ದವು ಅಂತ ಕೇಳ್ತಾರೆ.